ಬೆಟ್ಟ ಯಾರ ಹೆಸರಿನಲ್ಲಿದೆ?

ಅದು 2014ರ ತಪಸ್ಸುಕಾಲ. ಘಟ್ಟದ ಮೇಲಿನ ಒಂದು ಧರ್ಮಕೇಂದ್ರದಲ್ಲಿ ನಾನು ಆಗ ವಿಚಾರಣಾ ಗುರುವಾಗಿದ್ದೆ. ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಒಂದು ಮೇಜು ಹಾಕಿ, ಅದರ ಮೇಲೆ ಅಚ್ಚು ಹಾಕಿಸಿದ ಆಕ್ಷೇಪಣಾ ಪತ್ರಗಳ ಕಟ್ಟನ್ನಿರಿಸಲಾಗಿತ್ತು. ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶಗಳ ಕುರಿತು ಕೇಂದ್ರ ಸರ್ಕಾರವು ಆ ವರ್ಷದ ಮಾರ್ಚ್ 10ರಂದು ಹೊರಡಿಸಿದ್ದ ಕರಡು ಅಧಿಸೂಚನೆಗೆ ವಿರೋಧ ಸೂಚಿಸುವ ಪತ್ರಗಳವು. ಹೆಸರು, ಊರು, ಸರ್ವೆ ನಂಬರು, ವಿಸ್ತೀರ್ಣ, ಸಹಿ ಎಂದು ಐದು ಕಲಮುಗಳು. ಯುವಕ ಸಂಘದ ಇಬ್ಬರು ಹುಡುಗರು ಪೆನ್ನು ಹಿಡಿದು ಕುಳಿತಿದ್ದರು. ಮಧ್ಯಾಹ್ನದ ಹೊತ್ತಿಗೆ ನಾನೂರರಷ್ಟು ಸಹಿಗಳಾದವು. ಮೊದಲನೆಯ ಸಹಿ ನನ್ನದು. ದೇವಾಲಯದ ಜಮೀನಿನ ಸರ್ವೆ ನಂಬರನ್ನು ಬರೆದು ನಾನೇ ಅದಕ್ಕೆ ನಾಂದಿ ಹಾಡಿದ್ದೆ.

ಅಂದಿನ ಪ್ರಬೋಧನೆಗೆ ನಾನು ಆರಿಸಿಕೊಂಡದ್ದು ಅರಸುಗಳು ಮೊದಲನೆಯ ಗ್ರಂಥದ ನಾಬೋತನ ಕಥೆ. ಅರಮನೆಗೆ ತಾಗಿಕೊಂಡಿದ್ದ ನಾಬೋತನ ದ್ರಾಕ್ಷಿತೋಟದ ಮೇಲೆ ಅರಸ ಅಹಾಬನಿಗೆ ಆಸೆಯಾಗುತ್ತದೆ. ತರಕಾರಿ ತೋಟ ಮಾಡಿಕೊಳ್ಳಲು ಅದನ್ನು ಕೊಡು, ಬೇರೆ ತೋಟವನ್ನೋ ಬೆಲೆಯನ್ನೋ ಕೊಡುತ್ತೇನೆ ಎಂದು ಅವನು ಕೇಳುತ್ತಾನೆ. ನಾಬೋತನು ಒಪ್ಪುವುದಿಲ್ಲ. ಕೊನೆಗೆ ರಾಣಿ ಈಜೆಬೆಲಳ ಕುತಂತ್ರದಿಂದ ಸುಳ್ಳು ಸಾಕ್ಷಿ ಹುಟ್ಟಿ, ನಾಬೋತನು ಕಲ್ಲೇಟಿನಿಂದ ಸಾಯುತ್ತಾನೆ. ದೆಹಲಿಯೇ ಅಹಾಬ, ನಮ್ಮ ಮೂರು ಎಕರೆಯ ಕಾಫಿ ಬೆಳೆಗಾರನೇ ನಾಬೋತ ಎಂದು ನಾನು ಹೇಳಿದಾಗ ಜನ ತಲೆದೂಗಿದರು. ಪೂಜೆಯ ನಂತರ ಹಿರಿಯರೊಬ್ಬರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ಕಣ್ಣೀರು ತಂದುಕೊಂಡರು.

ಆದರೆ ಪ್ರಿಯ ಓದುಗರೇ, ಯಾವ ವರದಿಯ ವಿರುದ್ಧ ನಾನು ಅಷ್ಟು ಆವೇಶದಿಂದ ಮಾತಾಡಿದೆನೋ, ಅದರ ಒಂದು ಪುಟವನ್ನೂ ನಾನು ಓದಿರಲಿಲ್ಲ. ಓದಿದ್ದು ನಾಲ್ಕು ವರ್ಷಗಳ ನಂತರ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಗುಡ್ಡಗಳು ಮನೆಗಳನ್ನೂ ತೋಟಗಳನ್ನೂ ಹೊತ್ತುಕೊಂಡು ಜಾರಿದ ಮೇಲೆ. ಆ ಓದಿನಿಂದ ಎದ್ದ ಪ್ರಶ್ನೆಯೊಂದು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಪಹಣಿಯಲ್ಲಿ ನನ್ನ ಹೆಸರಿರುವ ನೆಲದ ಮೇಲೆ ನಾನು ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳುವ ನೈತಿಕ ಅಧಿಕಾರ ಇಡೀ ದೇಶಕ್ಕೆ ಉಂಟೇ? ಉಂಟಾದರೆ, ಅದಕ್ಕೆ ಪ್ರತಿಯಾಗಿ ದೇಶವು ನನಗೆ ಏನನ್ನು ಸಲ್ಲಿಸಬೇಕು?

ಮೊದಲು ವಿಷಯದ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ತಪತಿ ನದಿಯ ಬಳಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,500 ಕಿಲೋಮೀಟರ್ ಉದ್ದಕ್ಕೆ, ಆರು ರಾಜ್ಯಗಳಲ್ಲಿ ಹಬ್ಬಿರುವ ಪರ್ವತಶ್ರೇಣಿ ನಮ್ಮ ಘಟ್ಟ. ಇದರ ಭೂಬಳಕೆಯನ್ನು ಒಟ್ಟಾಗಿ ಯೋಚಿಸಲು ಕೇಂದ್ರ ಪರಿಸರ ಸಚಿವಾಲಯವು 2010ರಲ್ಲಿ ವಿಜ್ಞಾನಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. 2011ರ ಆಗಸ್ಟಿನಲ್ಲಿ ಸಲ್ಲಿಕೆಯಾದ ವರದಿ ಇಡೀ ಘಟ್ಟವನ್ನೇ ಸೂಕ್ಷ್ಮವೆಂದು ಪರಿಗಣಿಸಿ, ಮೂರು ವಲಯಗಳಾಗಿ ವಿಂಗಡಿಸಿತು. ಅತಿ ಸೂಕ್ಷ್ಮ ವಲಯದಲ್ಲಿ ಹೊಸ ಗಣಿಗಾರಿಕೆ ಬೇಡ, ಕೃಷಿಭೂಮಿಯನ್ನು ಅನ್ಯ ಬಳಕೆಗೆ ಕೊಡುವುದು ಬೇಡ, ಕಡಿದಾದ ಇಳಿಜಾರಿನಲ್ಲಿ ಪ್ರತಿವರ್ಷ ನೆಲ ಕೆದಕುವ ಬೆಳೆಗಳಿಂದ ಬಹುವಾರ್ಷಿಕ ಬೆಳೆಗಳ ಕಡೆಗೆ ಕ್ರಮೇಣ ಹೊರಳಬೇಕು ಎಂಬುವು ಅದರ ಕೆಲವು ಸಲಹೆಗಳು. ಸ್ಥಳೀಯ ಭಾಷೆಗಳಲ್ಲಿ ಗ್ರಾಮಸಭೆಗಳ ಮುಂದಿಟ್ಟು, ಅಲ್ಲಿನ ಚರ್ಚೆಯಿಂದಲೇ ಗಡಿಗಳು ಅಂತಿಮವಾಗಬೇಕೆಂಬುದು ಗಾಡ್ಗೀಳರ ಆಶಯವಾಗಿತ್ತು. ಸರ್ಕಾರವಾದರೋ ವರದಿಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟಿತು. ಮಾಹಿತಿ ಹಕ್ಕಿನ ಹೋರಾಟ ನ್ಯಾಯಾಲಯದ ಮೆಟ್ಟಿಲೇರಿದ ಮೇಲಷ್ಟೇ, 2012ರಲ್ಲಿ, ಅದು ಹೊರಬಿತ್ತು. ಮುಚ್ಚಿಟ್ಟ ಕಾಗದಕ್ಕೆ ಜನ ತಮ್ಮ ಭಯವನ್ನೇ ಬರೆದುಕೊಳ್ಳುತ್ತಾರೆ. ನಮ್ಮ ಊರಿನಲ್ಲಿ ಹಬ್ಬಿದ ಸುದ್ದಿಗಳು ಹೀಗಿದ್ದವು: ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರೆ, ದನ ಸಾಕಲು ಬಿಡುವುದಿಲ್ಲ, ಮನೆಗೆ ಸುಣ್ಣ ಬಳಿಯಲೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಒಕ್ಕಲೆಬ್ಬಿಸುವ ಮಾತು ಆ ವರದಿಯಲ್ಲಿ ಎಲ್ಲಿಯೂ ಇಲ್ಲ.

ವಿರೋಧ ಎದ್ದಾಗ ಕೆ. ಕಸ್ತೂರಿರಂಗನ್ ಅವರ ನೇತೃತ್ವದಲ್ಲಿ ಇನ್ನೊಂದು ಸಮಿತಿ ಬಂತು. 2013ರ ಏಪ್ರಿಲಿನಲ್ಲಿ ಅದು ಘಟ್ಟದ ಶೇಕಡ 37ರಷ್ಟು ಭಾಗವನ್ನು, ಅಂದರೆ ಸುಮಾರು 60,000 ಚದರ ಕಿಲೋಮೀಟರನ್ನು, ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಗಳು ಅಲ್ಲಿ ಬೇಡವೆಂದಿತು. ಇಪ್ಪತ್ತು ಸಾವಿರ ಚದರ ಮೀಟರೆಂದರೆ ಎರಡು ಲಕ್ಷ ಚದರ ಅಡಿಗೂ ಮಿಗಿಲು. ನಮ್ಮ ದೇವಾಲಯ, ಶಾಲೆ, ಗುರುನಿವಾಸ, ಕನ್ಯಾಮಠ ಎಲ್ಲವನ್ನೂ ಒಟ್ಟುಗೂಡಿಸಿದರೂ ಅದರ ಒಂದು ಮೂಲೆಗೆ ಸಾಲದು. ಹಾಗಿದ್ದರೆ ನಾನೂರು ಜನ ಯಾರ ಕಟ್ಟಡದ ರಕ್ಷಣೆಗಾಗಿ ಸಹಿ ಹಾಕಿದೆವು?

ಈ ಪ್ರಶ್ನೆ ಕಟುವಾಗಿದೆ. ಅದನ್ನು ಕೇಳುವ ಮೊದಲು ನಮ್ಮ ಜನರ ಪಾಲಿನ ನ್ಯಾಯವನ್ನೂ ಹೇಳಲೇಬೇಕು. ಬೆಟ್ಟದ ರೈತನ ಸಿಟ್ಟು ಬರೀ ವದಂತಿಯಿಂದ ಹುಟ್ಟಿದ್ದಲ್ಲ. ಎರಡನೆಯ ಸಮಿತಿಯು ಉಪಗ್ರಹ ಚಿತ್ರಗಳನ್ನಾಧರಿಸಿ, ಯಾವ ಗ್ರಾಮದ ಶೇಕಡ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವೋ ಆ ಗ್ರಾಮವನ್ನು ಇಡಿಯಾಗಿ ಪಟ್ಟಿಗೆ ಸೇರಿಸಿತು. ಐದರಲ್ಲಿ ನಾಲ್ಕು ಪಾಲು ತೋಟ, ಗದ್ದೆ, ಮನೆ, ಅಂಗಡಿಗಳಿರುವ ಊರೂ ಹಾಗೆ ಒಂದೇ ಬಣ್ಣ ಬಳಿದುಕೊಂಡಿತು. ಆಕಾಶದಿಂದ ನೋಡುವ ಕಣ್ಣಿಗೆ ನೆರಳಿನ ಮರಗಳಡಿಯ ಕಾಫಿಯೂ ಕಾಡಿನ ಹಾಗೆಯೇ ಕಾಣುತ್ತದೆ. ನಮ್ಮ ದೇಶದ ಅರಣ್ಯ ಸಮೀಕ್ಷೆಯೇ ಒಂದು ಹೆಕ್ಟೇರಿಗಿಂತ ಕಡಿಮೆಯಿಲ್ಲದ, ಶೇಕಡ 10ಕ್ಕೂ ಮಿಗಿಲಾಗಿ ಮರಗಳ ತಲೆ ಹಬ್ಬಿರುವ ಯಾವ ನೆಲವನ್ನಾದರೂ, ಅದು ಯಾರದ್ದೇ ಇರಲಿ, ಮರ ಯಾವುದೇ ಇರಲಿ, ಅರಣ್ಯ ಹೊದಿಕೆಯ ಲೆಕ್ಕಕ್ಕೆ ಹಿಡಿಯುತ್ತದೆ. 2023ರ ವರದಿಯ ಶೇಕಡ 21.76 ಎಂಬ ಅಂಕಿಯಲ್ಲಿ ನಮ್ಮವರ ತೋಟಗಳೂ ಇವೆ. ಮರವನ್ನು ಉಳಿಸಿಕೊಂಡು ಬಂದವನ ಹೊಲ ‘ಅರಣ್ಯ’ವಾಗಿ ಕಂಡು ನಿರ್ಬಂಧಕ್ಕೆ ಒಳಗಾಗುತ್ತದೆ, ಎಲ್ಲವನ್ನೂ ಬೋಳಿಸಿದವನು ನಿಶ್ಚಿಂತನಾಗಿರುತ್ತಾನೆ. ಒಳ್ಳೆಯತನಕ್ಕೆ ದಂಡ ಹಾಕುವ ಯೋಜನೆಯನ್ನು ಜನ ಅನುಮಾನಿಸಿದರೆ ಅದರಲ್ಲಿ ಆಶ್ಚರ್ಯವೇನು?

ಇನ್ನೂ ಒಂದು ಮಾತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತುಹೋಗಿ ಹಸಿವು ಬಾಗಿಲಿಗೆ ಬಂದಾಗ, ಹೆಚ್ಚು ಆಹಾರ ಬೆಳೆಯಿರಿ ಎಂದು ಕರೆಕೊಟ್ಟು ಕಾಡಿನ ನೆಲವನ್ನು ಕೃಷಿಗೆ ತೆರೆದುಕೊಟ್ಟವು ಅಂದಿನ ಸರ್ಕಾರಗಳೇ. ತಿರುವಾಂಕೂರಿನಿಂದ ಇಡುಕ್ಕಿಗೆ, ವಯನಾಡಿಗೆ, ಮುಂದೆ ನಮ್ಮ ದಕ್ಷಿಣ ಕನ್ನಡದ ಘಟ್ಟದ ತಪ್ಪಲಿಗೂ ಬಂದ ಕುಟುಂಬಗಳು ಮಲೇರಿಯಾದಲ್ಲಿ ಮಕ್ಕಳನ್ನು ಕಳೆದುಕೊಂಡು, ಆನೆ ಹಂದಿಗಳೊಡನೆ ಸೆಣಸಿ ನೆಲೆಯೂರಿದವು. ಅಂದು ಕಾಡು ಕಡಿದವನನ್ನು ಅನ್ನದಾತನೆಂದ ರಾಜ್ಯ ಇಂದು ಅವನ ಮೊಮ್ಮಗನನ್ನು ಅಪರಾಧಿಯೆಂಬಂತೆ ನೋಡುವುದು ಧರ್ಮವಲ್ಲ. ದೇಶದ ಅಂದಿನ ಹಸಿವಿಗೆ ಅವರು ಉತ್ತರ ಕೊಟ್ಟರು. ಇಂದಿನ ಬಾಯಾರಿಕೆಗೂ ಅವರೊಬ್ಬರೇ ಉತ್ತರ ಕೊಡಬೇಕೇ?

ಬಾಯಾರಿಕೆ ಎಂದೆನಲ್ಲ, ಅದನ್ನೇ ಸ್ವಲ್ಪ ವಿವರಿಸುತ್ತೇನೆ. ನಾನು ಈಗ ಬಯಲುಸೀಮೆಯವನು. ತಲಕಾವೇರಿಯ ಬೆಟ್ಟದಲ್ಲಿ ಹುಟ್ಟಿದ ನದಿಯ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತವೂ ಉದ್ಘಾಟನೆಗೊಂಡು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರು ತರುವ ವ್ಯವಸ್ಥೆಯಾಯಿತು. ಆ ನೀರಿನ ಬಿಲ್ಲಿನಲ್ಲಿ ವಿದ್ಯುತ್ತಿನ ಖರ್ಚಿದೆ, ಕೊಳವೆಯ ಖರ್ಚಿದೆ, ಸಿಬ್ಬಂದಿಯ ಸಂಬಳವಿದೆ. ಮಳೆಯನ್ನು ಹಿಡಿದು, ಹೀರಿ, ಬೇಸಿಗೆಯವರೆಗೆ ತೊಟ್ಟುತೊಟ್ಟಾಗಿ ಬಿಡುವ ಬೆಟ್ಟಕ್ಕಾಗಲಿ, ಆ ಬೆಟ್ಟವನ್ನು ಕಡಿಯದೆ ಬಿಟ್ಟವನಿಗಾಗಲಿ ಒಂದು ಪೈಸೆಯಿಲ್ಲ. ಕೃಷ್ಣಾ, ಗೋದಾವರಿ, ಕಾವೇರಿ ಮೂರೂ ಈ ಘಟ್ಟದವೇ. ಇಪ್ಪತ್ತು ಕೋಟಿಗೂ ಮೀರಿದ ಜನ ಇದರ ನೀರಿನ ಋಣದಲ್ಲಿದ್ದಾರೆ. ನಗರದ ಗೆಳೆಯರು ಘಟ್ಟ ಉಳಿಸಿರೆಂದು ನನಗೆ ಸಂದೇಶ ಕಳುಹಿಸುವಾಗ, ಅವರ ಕಳಕಳಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ವಾರಾಂತ್ಯಕ್ಕೆ ಬೆಟ್ಟದ ಅಂಚಿನ ರೆಸಾರ್ಟಿನಲ್ಲಿ ಕೋಣೆ ಕಾದಿರಿಸುವವರೂ ಅವರೇ ಎಂಬುದು ನೆನಪಾಗದೆ ಇರುವುದಿಲ್ಲ.

ಸಂಯಮದ ಖರ್ಚನ್ನು ಹಂಚಿಕೊಳ್ಳುವುದು ಅಸಾಧ್ಯವೇನಲ್ಲ. ಮಧ್ಯ ಅಮೆರಿಕದ ಪುಟ್ಟ ರಾಷ್ಟ್ರ ಕೋಸ್ಟರಿಕಾ 1996ರ ಅರಣ್ಯ ಕಾಯಿದೆಯ ಮೂಲಕ, ಇರುವ ಕಾಡನ್ನು ಬೇರೆ ಬಳಕೆಗೆ ಪರಿವರ್ತಿಸುವುದನ್ನು ನಿಷೇಧಿಸಿತು. ಅಷ್ಟಕ್ಕೇ ನಿಲ್ಲದೆ, ಪೆಟ್ರೋಲು ಡೀಸೆಲುಗಳ ಮೇಲಿನ ತೆರಿಗೆಯ ಒಂದು ಪಾಲನ್ನು ಎತ್ತಿಟ್ಟು, ತಮ್ಮ ನೆಲದಲ್ಲಿ ಕಾಡು ಕಾಯುವ ಖಾಸಗಿ ಒಡೆಯರಿಗೆ ಒಪ್ಪಂದದ ಮೇಲೆ ಹಣ ಕೊಡತೊಡಗಿತು. 1980ರ ದಶಕದಲ್ಲಿ ದೇಶದ ಕಾಲುಭಾಗದಷ್ಟಕ್ಕೆ ಕುಗ್ಗಿದ್ದ ಕಾಡು ಇಂದು ಅರ್ಧಕ್ಕಿಂತ ಹೆಚ್ಚು ನೆಲವನ್ನು ಹೊದ್ದಿದೆ. ದನದ ಮಾಂಸದ ಬೆಲೆ ಕುಸಿದು ಹುಲ್ಲುಗಾವಲುಗಳು ಪಾಳುಬಿದ್ದದ್ದೂ ಇದಕ್ಕೆ ಒಂದು ಕಾರಣವೆನ್ನುತ್ತಾರೆ, ಅದು ಸರಿಯೇ. ಆದರೆ ವಾಹನ ಓಡಿಸುವವನು ಕಾಡು ಕಾಯುವವನಿಗೆ ಋಣಿ ಎಂಬ ತತ್ತ್ವ ಅಲ್ಲಿ ಕಾನೂನಾಯಿತು. ನಮ್ಮಲ್ಲೂ 14ನೆಯ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಹಂಚುವಾಗ ಅರಣ್ಯಕ್ಕೆ ಶೇಕಡ 7.5ರಷ್ಟು ತೂಕ ಕೊಟ್ಟಿತು. 15ನೆಯ ಆಯೋಗ ಅದನ್ನು ಶೇಕಡ 10ಕ್ಕೆ ಏರಿಸಿತು. ಒಳ್ಳೆಯದೇ. ಆ ಹಣ ಮಾತ್ರ ರಾಜ್ಯದ ಬೊಕ್ಕಸಕ್ಕೆ ಸೇರಿ ಎಲ್ಲದರೊಡನೆ ಬೆರೆತುಹೋಗುತ್ತದೆ. ಹೊಳೆಯ ಅಂಚಿನ ಮರ ಕಡಿಯದೆ ಬಿಟ್ಟ ರೈತನ ಜಗಲಿಯವರೆಗೆ ಅದು ಹತ್ತುವುದಿಲ್ಲ.

ಈಗ ನಾಬೋತನತ್ತ ಮರಳುತ್ತೇನೆ. 2018ರ ಆ ಮಳೆಗಾಲದಲ್ಲಿ ವರದಿಗಳನ್ನು ಓದಿ ಮುಗಿಸಿದ ಮೇಲೆ, ನನ್ನ ಹಳೆಯ ಪ್ರಬೋಧನೆಯ ನೆನಪಾಗಿ ಮತ್ತೆ ಆ ಅಧ್ಯಾಯವನ್ನು ತೆರೆದೆ. ಸೆಮಿನರಿಯಲ್ಲಿ ಓದಿದ್ದರೂ ಗಮನಿಸದೆ ಬಿಟ್ಟ ಸಂಗತಿಯೊಂದು ಅಲ್ಲಿತ್ತು. ಇದು ನನ್ನದು, ನನ್ನಿಷ್ಟ ಎಂಬ ಕಾರಣದಿಂದ ನಾಬೋತನು ಅರಸನಿಗೆ ಇಲ್ಲವೆನ್ನುವುದಿಲ್ಲ. ಪಿತ್ರಾರ್ಜಿತವಾದ ಆ ತೋಟವನ್ನು ಪರಭಾರೆ ಮಾಡಲು ತನಗೇ ದೈವಾಜ್ಞೆಯ ಅಡ್ಡಿಯಿದೆ ಎಂಬ ಅರ್ಥದಲ್ಲಿ ಅವನು ಮಾತಾಡುತ್ತಾನೆ. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯದ ನಿಯಮ ಅವನ ಬೆನ್ನಿಗಿದೆ. ಆ ನಿಯಮದ ಪ್ರಕಾರ ನೆಲ ದೇವರದು. ಉಳುವವರು ಅವನ ಬಳಿ ತಂಗಿರುವ ಪರದೇಶಿಗಳು ಮಾತ್ರ. ಆದ್ದರಿಂದಲೇ ನೆಲವನ್ನು ಶಾಶ್ವತವಾಗಿ ಮಾರುವಂತಿಲ್ಲ, ಏಳನೆಯ ವರ್ಷ ಅದಕ್ಕೆ ವಿಶ್ರಾಂತಿ ಕೊಡಬೇಕು, ಐವತ್ತನೆಯ ವರ್ಷ ಅದು ಮೂಲ ಕುಟುಂಬಕ್ಕೆ ಮರಳಬೇಕು. ಅಂದರೆ ಅರಸನ ದುರಾಸೆಯಿಂದ ನಾಬೋತನನ್ನು ಕಾಯುವ ನಿಯಮ ಯಾವುದೋ, ನಾಬೋತನ ಕೈಯನ್ನು ಕಟ್ಟುವ ನಿಯಮವೂ ಅದೇ. ನಾನು ಪ್ರಬೋಧನೆಯಲ್ಲಿ ಒಂದು ಅಂಚನ್ನು ಮಾತ್ರ ಜನರಿಗೆ ತೋರಿಸಿದ್ದೆ. ಅಡಿಕೆಗೆ ಒಳ್ಳೆಯ ಬೆಲೆ ಬಂತೆಂದು ಗುಡ್ಡದ ನೆತ್ತಿಯವರೆಗೆ ಜೆಸಿಬಿ ಹತ್ತಿಸುವವನನ್ನು, ಕ್ವಾರಿಗೆ ಗುತ್ತಿಗೆ ಬರೆದುಕೊಡುವವನನ್ನು ನಾಬೋತನೆಂದು ಕರೆಯುವುದು ಆ ಪುಣ್ಯಾತ್ಮನಿಗೆ ಎರಡನೆಯ ಬಾರಿ ಕಲ್ಲು ಹೊಡೆದಂತೆ.

ಅದೇ ಯಾಜಕಕಾಂಡ, ಸಂಖ್ಯಾಕಾಂಡಗಳಲ್ಲಿ ಇನ್ನೊಂದು ಸಣ್ಣ ವಿಧಿಯಿದೆ. ಲೇವಿಯರ ಪಟ್ಟಣಗಳ ಸುತ್ತ ಗೋಡೆಯಿಂದಾಚೆಗೆ ಅಳತೆ ಮಾಡಿ ಹುಲ್ಲುಗಾವಲನ್ನು ಬಿಡಬೇಕು, ಅದನ್ನು ಮಾರಕೂಡದು. ಇದನ್ನು ಓದುವಾಗ ನನಗೆ ನಮ್ಮ ಕರಾವಳಿಯ ಕುಮ್ಕಿ ನೆನಪಾಯಿತು. ವರ್ಗ ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರ್ಕಾರಿ ನೆಲದಿಂದ ಸೊಪ್ಪು, ಸೌದೆ ತಂದುಕೊಳ್ಳುವ ಸವಲತ್ತು ಅದು. ಕೊಡಗಿನಲ್ಲಿ ಬಾಣೆ, ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟ. ಬಳಸಿಕೋ, ಆದರೆ ನಿನ್ನದೆನ್ನಬೇಡ ಎಂಬ ಸಂಬಂಧಕ್ಕೆ ನಮ್ಮ ಹಿರಿಯರು ಊರೂರಿಗೆ ಒಂದೊಂದು ಹೆಸರನ್ನಿಟ್ಟಿದ್ದರು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಭೂಬಳಕೆಯ ಯೋಜನೆ ದೆಹಲಿಯಿಂದಲೋ ವಿದೇಶದಿಂದಲೋ ಬಂದ ವಿಚಾರವೆಂದು ಗೊಣಗುವವರು ಇದನ್ನು ಮರೆಯುತ್ತಾರೆ. ಇಂದು ಕುಮ್ಕಿಯಲ್ಲಿ ರಬ್ಬರು ನಿಂತಿದೆ, ಬೆಟ್ಟದಲ್ಲಿ ಸೈಟು ಬಿದ್ದಿದೆ. ಇದರಲ್ಲಿ ನಮ್ಮ ಧರ್ಮಕೇಂದ್ರದ ಕುಟುಂಬಗಳೂ ಇವೆ. ಹೆಸರು ಹೇಳಬೇಕಾಗಿಲ್ಲ, ಓದುತ್ತಿರುವವರಿಗೆ ಗೊತ್ತು.

ಯೋಜನೆಯೇ ಬೇಡವೆಂದರೆ ನೆಲ ತನ್ನ ಪಾಡಿಗೆ ತಾನಿರುತ್ತದೆಯೇ? ಜಗತ್ತಿನ ನೆಲದ ಶೇಕಡ 2.4ರಷ್ಟು ಮಾತ್ರ ನಮ್ಮ ದೇಶದ್ದು, ಜನಸಂಖ್ಯೆಯಲ್ಲಿ ಶೇಕಡ 18ರ ಹತ್ತಿರ. ಅದೇ ನೆಲ ಅನ್ನ ಬೆಳೆಯಬೇಕು, ಊರು ರಸ್ತೆಗಳಿಗೆ ಜಾಗ ಕೊಡಬೇಕು, ಸೌರ ಫಲಕಗಳನ್ನು ಹೊರಬೇಕು, ಆನೆಗೂ ಹುಲಿಗೂ ದಾರಿ ಬಿಡಬೇಕು. ಮೂರನೆಯ ಒಂದು ಭಾಗ, ಬೆಟ್ಟಸೀಮೆಯಲ್ಲಿ ಮೂರರಲ್ಲಿ ಎರಡು ಭಾಗ, ಮರದ ಹೊದಿಕೆಯಲ್ಲಿರಬೇಕೆಂದು 1988ರ ಅರಣ್ಯ ನೀತಿ ಹೇಳುತ್ತದೆ. 2030ರೊಳಗೆ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಇಂಗಾಲವನ್ನು ಮರಗಳ ಮೂಲಕ ಹೆಚ್ಚುವರಿಯಾಗಿ ಹೀರಿಸುತ್ತೇವೆಂದು ನಾವು ಜಗತ್ತಿಗೆ ಮಾತು ಕೊಟ್ಟಿದ್ದೇವೆ. ಸಂವಿಧಾನದ ಪ್ರಕಾರ ಭೂಮಿ ರಾಜ್ಯಗಳ ವಿಷಯ. ಅರಣ್ಯ 1976ರಿಂದ ಇಬ್ಬರದೂ. ಇಡೀ ದೇಶಕ್ಕೆ ಒಂದು ಭೂಬಳಕೆ ನೀತಿ ಬೇಕೆಂದು 2013ರಲ್ಲಿ ಕೇಂದ್ರವು ಒಂದು ಕರಡನ್ನೂ ಸಿದ್ಧಪಡಿಸಿತ್ತು, ಅದು ಕರಡಾಗಿಯೇ ಉಳಿಯಿತು. ಎಲ್ಲರೂ ಕೂಡಿ ನಿರ್ಧರಿಸದಿದ್ದರೆ ಹಣವಿದ್ದವನು ನಿರ್ಧರಿಸುತ್ತಾನೆ.

ನಮ್ಮ ಧರ್ಮಸಭೆಯ ಪಾಲಿನ ಮಾತನ್ನೂ ಮುಚ್ಚಿಡಲಾರೆ. 2013ರ ನವೆಂಬರಿನಲ್ಲಿ ಕೇರಳದ ಬೆಟ್ಟಸೀಮೆಗಳಲ್ಲಿ ಎದ್ದ ಪ್ರತಿಭಟನೆಯ ಮುಂಚೂಣಿಯಲ್ಲಿ ಧರ್ಮಾಧ್ಯಕ್ಷರೂ ಗುರುಗಳೂ ಇದ್ದರು. ತಾಮರಶ್ಶೇರಿಯಲ್ಲಿ ಗಲಭೆಯಾಗಿ ಅರಣ್ಯ ಕಚೇರಿಗೆ ಬೆಂಕಿ ಬಿತ್ತು. ಗಾಡ್ಗೀಳ್ ವರದಿಯ ಪರ ನಿಂತ ಇಡುಕ್ಕಿಯ ಅಂದಿನ ಲೋಕಸಭಾ ಸದಸ್ಯ ಪಿ.ಟಿ. ತಾಮಸ್ ಅವರ ಅಣಕು ಶವಯಾತ್ರೆ ನಡೆಯಿತು. 2014ರ ಚುನಾವಣೆಯಲ್ಲಿ ಪಕ್ಷ ಅವರಿಗೆ ಅಲ್ಲಿ ಟಿಕೆಟು ಕೊಡಲಿಲ್ಲ. 2021ರ ಡಿಸೆಂಬರಿನಲ್ಲಿ ಅವರು ನಿಜವಾಗಿಯೇ ತೀರಿಕೊಂಡರು. ನೂರಾರು ಅಂತ್ಯಕ್ರಿಯೆಗಳನ್ನು ನಡೆಸಿಕೊಟ್ಟ ನನ್ನಂಥವನಿಗೆ ಬದುಕಿರುವ ಒಬ್ಬ ಮನುಷ್ಯನ ಶವಯಾತ್ರೆಯ ಕಲ್ಪನೆಯೇ ಮೈ ನಡುಗಿಸುತ್ತದೆ. ಆದರೂ ಅದನ್ನು ಓದಿದ ದಿನ ನಾನು ಅದರ ಬಗ್ಗೆ ಯೋಚಿಸಿರಲೇ ಇಲ್ಲ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದು, ಖಾಸಗಿ ಒಡೆತನ ಸಾರ್ವತ್ರಿಕ ಹಿತಕ್ಕೆ ಅಧೀನವೆಂಬ ಧರ್ಮಸಭೆಯ ಹಳೆಯ ಬೋಧನೆಯನ್ನು ಮತ್ತೆ ನೆನಪಿಸಿದರು. ಆ ಪರಿಪತ್ರದ ಮೇಲೆ ನಾನು ಮೂರು ಭಾನುವಾರ ಪ್ರಬೋಧನೆ ಕೊಟ್ಟೆ. ಗಿಡ ನೆಡುವ ಕಾರ್ಯಕ್ರಮವೂ ಆಯಿತು. ಒಂದು ವರ್ಷದ ಹಿಂದೆ ನಾನೇ ಮೊದಲ ಸಹಿ ಹಾಕಿದ ಪತ್ರದ ಬಗ್ಗೆ ಮಾತ್ರ ಚಕಾರವೆತ್ತಲಿಲ್ಲ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಬುಡ ಕಡಿದು ಹೆದ್ದಾರಿ ಅಗಲಿಸಿದ್ದ ಗುಡ್ಡ ಗಂಗಾವಳಿ ನದಿಗೆ ಜಾರಿತು. ಎರಡು ವಾರಗಳ ತರುವಾಯ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಬಂದು ಬಿತ್ತು. ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ಆ ಊರುಗಳಿರುವ ವೈತಿರಿ ತಾಲೂಕನ್ನು ಗಾಡ್ಗೀಳ್ ಸಮಿತಿ ಹದಿಮೂರು ವರ್ಷಗಳ ಹಿಂದೆಯೇ ಅತಿ ಸೂಕ್ಷ್ಮ ವಲಯದಲ್ಲಿ ಸೇರಿಸಿತ್ತು. ಆದರೂ ಇಲ್ಲಿ ಆತುರದ ತೀರ್ಪು ಸಲ್ಲದು. ಅಲ್ಲಿ ಕುಸಿತ ಶುರುವಾದದ್ದು ತೋಟಗಳಲ್ಲಲ್ಲ. ಉಪಗ್ರಹ ಚಿತ್ರಗಳ ಪ್ರಕಾರ ಸುಮಾರು 1,550 ಮೀಟರ್ ಎತ್ತರದಲ್ಲಿ, ಮೇಲಿನ ಕಾಡಿನ ಇಳಿಜಾರಿನಲ್ಲಿ. ಹವಾಮಾನದ ಬದಲಾವಣೆ ಆ ದಿನದ ಮಳೆಯನ್ನು ಶೇಕಡ 10ರಷ್ಟು ಹೆಚ್ಚಿಸಿತ್ತೆಂದು ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು. ವರದಿ ಜಾರಿಯಾಗಿದ್ದರೆ ಬೆಟ್ಟ ಕುಸಿಯುತ್ತಲೇ ಇರಲಿಲ್ಲವೆಂದು ಹೇಳಲು ನಾನು ವಿಜ್ಞಾನಿಯೂ ಅಲ್ಲ, ಪ್ರವಾದಿಯೂ ಅಲ್ಲ. ಯಾವ ಯೋಜನೆಯೂ ಮಳೆಯನ್ನು ನಿಲ್ಲಿಸಲಾರದು. ಬೆಟ್ಟ ಬಿದ್ದಾಗ ಅದರ ದಾರಿಯಲ್ಲಿ ಯಾರು ಮಲಗಿರುತ್ತಾರೆ ಎಂಬುದನ್ನು ಮಾತ್ರ ಯೋಜನೆ ನಿರ್ಧರಿಸಬಲ್ಲದು. ಅಂದು ರಾತ್ರಿ ಮಲಗಿದ್ದವರಲ್ಲಿ ಚಹಾ ತೋಟದ ಕೂಲಿ ಕಾರ್ಮಿಕರಿದ್ದರು. ಅವರ ಹೆಸರಿನಲ್ಲಿ ಅಲ್ಲಿ ಒಂದು ಸೆಂಟು ನೆಲವೂ ಇರಲಿಲ್ಲ.

ಮರುದಿನವೇ, ಜುಲೈ 31ರಂದು, ಕೇಂದ್ರವು ಅದೇ ಅಧಿಸೂಚನೆಯ ಆರನೆಯ ಕರಡನ್ನು ಹೊರಡಿಸಿತು. ಅದರಲ್ಲಿ ನಮ್ಮ ರಾಜ್ಯದ 20,668 ಚದರ ಕಿಲೋಮೀಟರ್ ಸೇರಿತ್ತು. ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ತಿರಸ್ಕರಿಸುವ ಹಕ್ಕು ಇದ್ದೀತು. ಇಪ್ಪತ್ತು ಶೇಕಡದ ಆ ಒರಟು ಲೆಕ್ಕದ ಬದಲು ಪ್ರತಿ ಗ್ರಾಮಸಭೆಯಲ್ಲಿ ಸರ್ವೆ ನಂಬರುಗಳನ್ನು ಮುಂದಿಟ್ಟುಕೊಂಡು, ಇದು ತೋಟ, ಇದು ಹೊಳೆಯಂಚು, ಇಲ್ಲಿ ಮಣ್ಣು ಕಡಿಯಬಾರದು, ಈ ಮನೆಗಳನ್ನು ಸುರಕ್ಷಿತ ಜಾಗಕ್ಕೆ ತರಬೇಕು, ಇದಕ್ಕೆ ಕೆಳಗಿನ ಪಟ್ಟಣ ಇಷ್ಟು ಕೊಡಬೇಕು ಎಂದು ಬರೆಯುವ ಕೆಲಸವನ್ನು ಯಾರಾದರೂ ಆರಂಭಿಸಿದ್ದರೆ ಆ ತಿರಸ್ಕಾರಕ್ಕೆ ಅರ್ಥವಿರುತ್ತಿತ್ತು. ನಮ್ಮ ಧರ್ಮಕೇಂದ್ರಗಳಿಗೆ ಇದು ಅಸಾಧ್ಯವಲ್ಲ. ಆಕ್ಷೇಪಣೆಗೆ ಒಂದೇ ದಿನದಲ್ಲಿ ನಾನೂರು ಸಹಿ ಕೂಡಿಸಬಲ್ಲವರು ನಾವು.

ಆ ಭಾನುವಾರದ ಒಂದು ಸಂಗತಿಯನ್ನು ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡಿದ್ದೆ. ಸಾಲಿನ ಕೊನೆಯಲ್ಲಿ ಎಸ್ಟೇಟಿನ ಲೈನ್ ಮನೆಯ ಹೆಂಗಸೊಬ್ಬಳು ಮಗುವಿನ ಕೈ ಹಿಡಿದು ನಿಂತಿದ್ದಳು. ಅವರ ಲೈನು ಗುಡ್ಡದ ಬುಡದಲ್ಲಿ, ಹಳ್ಳದ ಪಕ್ಕಕ್ಕಿತ್ತು. ಮಳೆಗಾಲದಲ್ಲಿ ಅಲ್ಲಿಗೆ ರೋಗಿಗಳಿಗೆ ಪರಮಪ್ರಸಾದ ಒಯ್ಯುವಾಗ ನಾನೇ ಎರಡು ಬಾರಿ ಜಾರಿ ಬಿದ್ದಿದ್ದೆ. ಆಕೆಯ ಸರದಿ ಬಂದಾಗ ಹುಡುಗರು ಸರ್ವೆ ನಂಬರು ಕೇಳಿದರು. ಆಕೆಗೆ ಅರ್ಥವಾಗಲಿಲ್ಲ. ಅವರು ನನ್ನತ್ತ ನೋಡಿದರು. “ಗುಡ್ಡದ ಕೆಳಗೆ ಇರೋದು ನಾವೇ ಅಲ್ವಾ ಫಾದರ್, ನಮಗೆ ಚೀಟಿ ಇಲ್ವಾ?” ಎಂದು ಆಕೆ ಕೇಳಿದಳು.

“ಇದು ಜಮೀನು ಇರೋರ ವಿಷಯ ಅಮ್ಮಾ” ಎಂದೆ ನಾನು.

ಆಕೆ ಸರಿ ಫಾದರ್ ಎಂದು ಸೆರಗು ಸರಿಪಡಿಸಿಕೊಂಡು, ಮಗುವನ್ನು ಕರೆದುಕೊಂಡು ಇಳಿಜಾರಿನ ಕಾಲುದಾರಿಯಲ್ಲಿ ಲೈನಿನತ್ತ ಇಳಿದು ಹೋದಳು.